ನಲವತ್ತರ ಸಾಲು

ಅದನ್ನು ಅಳಿಸಿದವನು ನಾನು. ಮೂರೇ ಮೂರು ಪದ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದ ಅವನಿಗೆ, ಸೋಮವಾರದಿಂದ ತಾನು ಇದೇ ಮೂರು ಪದಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸುತ್ತ ಕೂತಿದ್ದೇನೆ ಎಂಬುದು ಹೊಳೆದು ಅಸಹ್ಯವಾಯಿತು. ಅಳಿಸಿದ್ದು ನಾನೇ. ನಾನೇ ಅಳಿಸಿದೆ. ಹೇಗೆ ಹೇಳಿದರೂ ಅಷ್ಟೇ ತಾನೆ? ಆದರೆ ಒಂದೊಂದು ಸಲ ಎಲ್ಲಿಂದಲೋ 'ಬಹುಶಃ' ನುಗ್ಗಿ ಬಂದು ನಡುವೆ ಕೂತುಬಿಡುತ್ತಿತ್ತು. ಬಹುಶಃ ನಾನೇ ಅಳಿಸಿರಬೇಕು. ಎಂಥ ನಾಚಿಕೆಗೇಡು! ಐವತ್ತೆರಡು ವರ್ಷದ ಗಂಡಸು, ಆಫೀಸಿಗೆ ಆಫೀಸೇ ಮೇಷ್ಟ್ರು ಅಂತ ಕರೆಯುವ ಮನುಷ್ಯ, ತನ್ನ ಮನಸ್ಸಿನೊಳಗೇ ತನಗೆ ತಾನೇ ಮುಲಾಜು ನೋಡುತ್ತಿದ್ದಾನೆ. ಉಗುಳಿದ. ನೊರೆಯಲ್ಲಿ ಸ್ವಲ್ಪ ರಕ್ತವಿತ್ತು, ಒಸಡಿನದು. ಅದನ್ನೂ ಡಾಕ್ಟರಿಗೆ ತೋರಿಸಬೇಕು ಅಂದುಕೊಂಡು ವರ್ಷವಾಗಿತ್ತು. ಬಾಗಿಲಲ್ಲಿ ಹೆಂಡತಿ ನಿಂತು ಏನೋ ಹೇಳುತ್ತಿದ್ದಳು. ಹೂಂ ಅಂದ.

"ಏನು ಹೂಂ? ನಾನು ಏನು ಹೇಳಿದೆ ಹೇಳಿ ನೋಡೋಣ."

"ಹೊಲಿಗೆ ಯಂತ್ರ ತರಬೇಕು."

"ಎಲ್ಲಿಂದ?"

ಅವನು ನಲ್ಲಿ ತಿರುಗಿಸಿ ಮುಖ ತೊಳೆಯಲು ಶುರುಮಾಡಿದ.

"ನಿಮ್ಮ ಹೂಂಗಿಷ್ಟು ಬೆಂಕಿ ಹಾಕ," ಅಂದಳು ಹೆಂಡತಿ, ಸಿಟ್ಟಿಲ್ಲದೆ, ಇಪ್ಪತ್ತನಾಲ್ಕು ವರ್ಷದ ಅಭ್ಯಾಸದಿಂದ. "ನನ್ನ ತಂಗಿ ಮನೆಯಿಂದ. ರಿಪೇರಿ ಮಾಡಿಸಿ ಇಟ್ಟಿದಾಳೆ. ಮೂರು ದಿನದಿಂದ ನೋಡ್ತಿದೀನಿ, ಮುಖ ಸೊಟ್ಟಗೆ ಮಾಡ್ಕೊಂಡೇ ಓಡಾಡ್ತಿದೀರಿ. ಆಫೀಸಲ್ಲಿ ಏನಾದ್ರೂ ಆಯ್ತಾ?"

"ಏನಿಲ್ಲ. ಇವತ್ತೊಂದು ಮೀಟಿಂಗಿದೆ."

ಏನಿಲ್ಲ ಅನ್ನುವುದು ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮುಂದಿನ ಸೀಟಿನ ಹಿಂಬದಿಯಲ್ಲಿ ಯಾರೋ ಉಗುರಿನಿಂದ ಗೀಚಿದ್ದನ್ನು ನೋಡುತ್ತ, ಹೆಂಡತಿಗೆ ಒಂದು ಕಾಲದಲ್ಲಿ ತನ್ನ ಕೆಲಸ ಏನೆಂದು ವಿವರಿಸಿದ್ದು ನೆನಪಾಯಿತು. ಮದುವೆಯಾದ ಹೊಸತಲ್ಲ, ಆಮೇಲೆ, ಅವಳು ಕೇಳುವುದನ್ನು ಬಿಡುವ ಸ್ವಲ್ಪ ಮೊದಲು. ನೋಡು, ಕ್ಲೌಡ್ ಅಂದರೆ ಬಾಡಿಗೆಗೆ ಹಿಡಿದ ದೊಡ್ಡ ಬಡಾವಣೆ ಅಂದುಕೋ. ನಾವು ಮನೆ ಕಟ್ಟುತ್ತೇವೆ, ಅಂದರೆ ಕಂಪ್ಯೂಟರುಗಳನ್ನು ಇಡುತ್ತೇವೆ. ಒಂದೊಂದಕ್ಕೂ ಒಂದು ಮನೆ ನಂಬರು, ಅದೇ ಐಪಿ ವಿಳಾಸ. ಒಳಗಿನ ನಂಬರು ಒಳಗಿನವರಿಗೆ ಮಾತ್ರ, ಪಕ್ಕದ ಬಡಾವಣೆಯಲ್ಲೂ ಅದೇ ನಂಬರು ಇರಬಹುದು, ಏನೂ ತೊಂದರೆಯಿಲ್ಲ. ಎರಡು ಬಡಾವಣೆಗಳ ನಡುವೆ ರಸ್ತೆ ಹಾಕಿದಾಗಲೇ ತಕರಾರು. ಇಲ್ಲಿ ಒಂದು ನಲವತ್ತು, ಅಲ್ಲಿ ಒಂದು ನಲವತ್ತು ಇದ್ದರೆ ಅಂಚೆಯವನು ಏನು ಮಾಡಬೇಕು? ಹತ್ತಿರ ಇರುವ ಮನೆಗೇ ಹಾಕಿ ಹೋಗುತ್ತಾನೆ. ಅದಕ್ಕೇ ಆ ಕಡೆಯವರ ನಂಬರುಗಳನ್ನು ಈ ಕಡೆ ಮೊದಲೇ ಕಾಯ್ದಿರಿಸಿಬಿಡುವುದು. ಈ ಸಾಲಿನಲ್ಲಿ ಯಾರೂ ಮನೆ ಕಟ್ಟಬೇಡಿ ಅಂತ ಬೇಲಿ ಹಾಕಿದ ಹಾಗೆ. ಹೆಂಡತಿ ಎಲ್ಲ ಕೇಳಿ, "ಅಂದ್ರೆ ಖಾಲಿ ಜಾಗ ಕಾಯೋದಕ್ಕೆ ನಿಮಗೆ ಸಂಬಳ ಕೊಡ್ತಾರೆ" ಅಂದು ನಕ್ಕಿದ್ದಳು. ಆವತ್ತು ಅವನಿಗೆ ಸ್ವಲ್ಪ ಅವಮಾನವಾಗಿತ್ತು. ಈಗ ಯೋಚಿಸಿದರೆ, ಇಡೀ ಆಫೀಸಿನಲ್ಲಿ ಅವನ ಕೆಲಸವನ್ನು ಅಷ್ಟು ಸರಿಯಾಗಿ ಅರ್ಥಮಾಡಿಕೊಂಡವರು ಯಾರೂ ಇರಲಿಲ್ಲ. ಅವನೂ ಸೇರಿ.

ಯಾಕೆಂದರೆ ಎರಡು ವರ್ಷದ ಹಿಂದೆ ಆ ಬೇಲಿ ಹಾಕಿದವನು ಅವನೇ. ಆಸ್ಪತ್ರೆಯೊಂದರ ಕೆಲಸ ಅವರ ಆಫೀಸಿಗೆ ಬಂದಿತ್ತು. ವಾರ್ಡುಗಳ ಕಂಪ್ಯೂಟರು, ರೋಗಿಗಳ ದಾಖಲೆ, ಎಲ್ಲವನ್ನೂ ಕ್ಲೌಡಿಗೆ ಸಾಗಿಸಬೇಕು, ರಕ್ತಪರೀಕ್ಷೆಯ ಲ್ಯಾಬ್ ಒಂದನ್ನು ಬಿಟ್ಟು. ಲ್ಯಾಬಿನ ಯಂತ್ರಗಳು ಹಳೆಯವು, ಹಳೆಯ ಕಟ್ಟಡದಲ್ಲೇ ಇರುತ್ತವೆ, ಅವುಗಳ ನಂಬರು ಬದಲಾಯಿಸಲು ಆಗುವುದಿಲ್ಲ. ಆ ನಂಬರುಗಳೆಲ್ಲ ನಲವತ್ತರ ಸಾಲಿನವು, ಒಂದೇ ಬೀದಿಯ ಮನೆಗಳ ಹಾಗೆ. ಅವನು ಕ್ಲೌಡಿನಲ್ಲಿ ನಲವತ್ತರ ಸಾಲನ್ನು ಪೂರ್ತಿ, ಇನ್ನೂರ ಐವತ್ತಾರು ವಿಳಾಸಗಳನ್ನೂ, ಕಾಯ್ದಿರಿಸಿದ್ದ. ಯಾತಕ್ಕೆ ಎಂದು ಬರೆಯುವ ಜಾಗದಲ್ಲಿ ಏನೂ ಬರೆದಿರಲಿಲ್ಲ. ನಾಳೆ ಬರೆದರಾಯಿತು ಅಂದುಕೊಂಡಿದ್ದ. ಆಮೇಲೆ ಎರಡು ವರ್ಷ ಕಳೆದು, ಹೋದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ, ಬಳಕೆಯಲ್ಲಿಲ್ಲದ್ದನ್ನೆಲ್ಲ ಗುಡಿಸಿ ಹಾಕಿ ಎಂಬ ಸುತ್ತೋಲೆ ಕೈಯಲ್ಲಿ ಹಿಡಿದು ಅವನು ಪಟ್ಟಿ ತೆರೆದಾಗ, ನಲವತ್ತರ ಸಾಲಿನ ಎದುರು 'ಬಳಕೆ: ಸೊನ್ನೆ' ಎಂದಿತ್ತು. ಸೊನ್ನೆಯೇ ಇರಬೇಕು! ಖಾಲಿ ಇರುವುದೇ ಅದರ ಕೆಲಸ. ಆದರೆ ಆ ಕ್ಷಣ ಅವನಿಗೆ ಕಂಡದ್ದು ಯಾರೋ ಸೋಮಾರಿ ಎರಡು ವರ್ಷದಿಂದ ಸುಮ್ಮನೆ ಹಿಡಿದಿಟ್ಟ ಜಾಗ. ಯಾರಪ್ಪಾ ಇದನ್ನು ಮಾಡಿದವನು, ಒಂದು ಸಾಲು ವಿವರ ಬರೆಯಲಿಕ್ಕೂ ಕೈಗೆ ನೋವಾ ಎಂದು ಬೈದುಕೊಂಡೇ ಅಳಿಸಿದ್ದ. ಆ ವಾರ ತಂಡದ ಐವರೂ ಅಷ್ಟಿಷ್ಟು ಅಳಿಸಿದರು, ಆ ದಿನ ಅವನೊಬ್ಬನೇ ಹದಿನಾಲ್ಕು. ಸಂಜೆ ಸಾಹೇಬರು ಎಲ್ಲರಿಗೂ ಪತ್ರ ಬರೆದು, ಅಚ್ಚುಕಟ್ಟು ಅಂದರೆ ಏನು ಅನ್ನುವುದನ್ನು ಮೇಷ್ಟ್ರಿಂದ ಕಲಿಯಿರಿ ಎಂದಿದ್ದರು. ಅವನು ಆ ಪತ್ರವನ್ನು ಬಸ್ಸಿನಲ್ಲಿ ಎರಡು ಸಲ ಓದಿದ್ದ. ಇದೇ ಬಸ್ಸು, ಬಹುಶಃ ಇದೇ ಸೀಟು. ಬಹುಶಃ. ಥೂ.

ಸೋಮವಾರ ಬೆಳಿಗ್ಗೆ ಪೆನ್ಸಿಲ್ ಆ ಸಾಲಿನಲ್ಲಿ ಹೊಸ ಕಂಪ್ಯೂಟರುಗಳನ್ನು ಇಟ್ಟಳು. ಗುತ್ತಿಗೆಯ ಮೇಲೆ ವರ್ಷದ ಹಿಂದೆ ಕೆಲಸಕ್ಕೆ ಬಂದ ಹೆಂಗಸು. ಎಲ್ಲವನ್ನೂ ಉದ್ದನೆಯ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಿದ್ದಳಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು, ಅವಳೂ ಬೇಡ ಅಂದಿರಲಿಲ್ಲ. ಹೊರರೋಗಿಗಳಿಗೆ ಸರತಿ ಚೀಟಿ ಕೊಡುವ ಹೊಸ ವ್ಯವಸ್ಥೆ ಅದು. ಅದು ಶುರುವಾದ ಗಳಿಗೆಯಿಂದ, ವಾರ್ಡುಗಳು ಲ್ಯಾಬಿಗೆ ಕಳಿಸಿದ ಪ್ರಶ್ನೆಗಳೆಲ್ಲ ಹೊಸ ಯಂತ್ರಗಳ ಬಾಗಿಲಿಗೆ ಹೋಗಿ ಬಿದ್ದವು. ಮಧ್ಯಾಹ್ನ ಮೂರರವರೆಗೆ ಒಂದೇ ಒಂದು ರಕ್ತಪರೀಕ್ಷೆಯ ವರದಿ ಯಾವ ವಾರ್ಡಿಗೂ ತಲುಪಲಿಲ್ಲ. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಆದರೆ ಆಸ್ಪತ್ರೆಯವರ ದೂರಿನಲ್ಲಿ ಒಂದು ಸಾಲಿತ್ತು: ಶಸ್ತ್ರಚಿಕಿತ್ಸೆಗೆಂದು ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಎಪ್ಪತ್ತೊಂದು ವರ್ಷದ ವೃದ್ಧರನ್ನು ಸಂಜೆ ನಾಲ್ಕಕ್ಕೆ ಹಾಗೆಯೇ ವಾಪಸು ಕಳಿಸಬೇಕಾಯಿತು. ಆ ಮುದುಕನನ್ನು ಅವನು ನೋಡಿಲ್ಲ, ನೋಡುವುದೂ ಇಲ್ಲ. ಆದರೂ ಸೋಮವಾರದಿಂದ ಊಟಕ್ಕೆ ಕೂತಾಗೆಲ್ಲ ಆತ ಎಲ್ಲೋ ಒಂದು ಮಂಚದ ಅಂಚಿನಲ್ಲಿ, ತೂಗುಬಿಟ್ಟ ಕಾಲುಗಳಲ್ಲಿ ಆಸ್ಪತ್ರೆಯ ದೊಡ್ಡ ಚಪ್ಪಲಿ ಹಾಕಿಕೊಂಡು, ಈಗ ಕರೆಯುತ್ತಾರೆ ಈಗ ಕರೆಯುತ್ತಾರೆ ಎಂದು ಬಾಗಿಲು ನೋಡುತ್ತ ಕೂತಿರುವುದು ಕಾಣುತ್ತಿತ್ತು.

ಮೀಟಿಂಗು ಹನ್ನೊಂದಕ್ಕೆ. ತಿಂಗಳ ಕೊನೆಯ ಕೆಲಸದ ದಿನ, ಪೆನ್ಸಿಲ್‌ನ ಗುತ್ತಿಗೆ ಮುಗಿಯುವುದೂ ಇವತ್ತೇ. ಮುಂದಿನ ವರ್ಷಕ್ಕೆ ನವೀಕರಿಸುವ ಕಾಗದ ಸಾಹೇಬರ ಮೇಜಿನ ಮೇಲಿದೆ, ಸಹಿಯಾಗಿಲ್ಲ ಎಂಬುದು ಇಡೀ ಮಹಡಿಗೆ ಗೊತ್ತಿತ್ತು. ಅವನು ಹೇಳಿಬಿಟ್ಟರೆ ಸಹಿಯಾಗುತ್ತದೆ. ಅವನ ಕೆಲಸ ಕಾಯಂ, ಅದು ಹೋಗುವುದಿಲ್ಲ. ಹೆಚ್ಚೆಂದರೆ ಒಂದು ನೋಟೀಸು, ನಾಲ್ಕು ದಿನ ಕ್ಯಾಂಟೀನಿನಲ್ಲಿ ಪಿಸುಪಿಸು. ಇಷ್ಟೇ. ಇಷ್ಟಕ್ಕೇ ಮೂರು ರಾತ್ರಿ ನಿದ್ದೆಗೆಟ್ಟವನು ಎಂಥ ಅಲ್ಪ! ಸಣ್ಣ ಕೋಣೆ, ಉದ್ದ ಮೇಜು, ಕಿಟಕಿಯ ಗಾಜಿನ ಹೊರಗೆ ಒಬ್ಬ ಹಗ್ಗದಲ್ಲಿ ಜೋತುಬಿದ್ದು ಗಾಜು ಒರೆಸುತ್ತಿದ್ದ. ಸಾಹೇಬರು ಅವನಿಗಿಂತ ಹತ್ತು ವರ್ಷ ಚಿಕ್ಕವರು, ಮೃದು ಮಾತಿನವರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಪೆನ್ಸಿಲ್ ತನ್ನ ಉದ್ದ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ಬೇರೆ ಯಾವ ಸಾಲೂ ಸಿಗಲಿಲ್ವಾ ನಿಮಗೆ? ಅದನ್ನೇ ಯಾಕೆ ತಗೊಂಡ್ರಿ?"

"ಖಾಲಿ ಇತ್ತು ಸರ್."

"ಖಾಲಿ ಇದ್ರೆ ತಗೊಂಡ್ಬಿಡೋದಾ? ಯಾರನ್ನಾದ್ರೂ ಒಂದು ಮಾತು ಕೇಳೋಣ ಅನ್ನಿಸಲಿಲ್ವಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಒಂದು ಸಲ, ಅಷ್ಟೇ. ಆಮೇಲೆ ಕಿಟಕಿಯ ಕಡೆ ನೋಡಿದಳು. "ಕಾಯ್ದಿರಿಸಿದ್ದರ ಪಟ್ಟಿ ನೋಡಿದೆ ಸರ್. ಅದರಲ್ಲಿ ಇರಲಿಲ್ಲ."

"ಮುಂಚೆ ಇತ್ತು. ಹೋದ ತಿಂಗಳು ಯಾರೋ ತೆಗೆದಿದಾರೆ. ಯಾರು ಅಂತ ಏನಾದ್ರೂ ಗೊತ್ತಾಯ್ತಾ ಮೇಷ್ಟ್ರೆ?"

ಬಂತು. ಕಾದಿದ್ದ ಗಳಿಗೆ ಬಂದು ಎದುರಿಗೇ ನಿಂತಿತು. ಅದನ್ನು ಅಳಿಸಿದವನು ನಾನು. ಬಾಯಿ ತೆರೆದ. ಹೊರಗೆ ಗಾಜು ಒರೆಸುವವನ ಬಟ್ಟೆ ಮೇಲಿಂದ ಕೆಳಗೆ ನಿಧಾನವಾಗಿ ಇಳಿಯಿತು. "ತಂಡದ ಲಾಗಿನ್ನಿಂದ ಆಗಿದೆ," ಅಂದ.

ಸುಳ್ಳಲ್ಲ. ಅದೇ ಅದರ ಹೇಸಿಗೆ. ಐದು ಜನರ ತಂಡಕ್ಕೆ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಪ್ರತಿಯೊಬ್ಬರಿಗೂ ಬೇರೆ ಬೇರೆ ಯಾಕೆ, ಗೋಜಲು, ಎಂದು ಆ ಪದ್ಧತಿ ತಂದವನೂ ಅವನೇ. ದಾಖಲೆಯಲ್ಲಿ ಯಾರು ಎಂಬಲ್ಲಿ 'ತಂಡ' ಎಂದು ಮಾತ್ರ ಇರುತ್ತದೆ. ಮೊನ್ನೆ ಅದನ್ನು ತೆಗೆದು ನೋಡಿದಾಗ ಅವನ ಎದೆ ಹಗುರಾಗಿತ್ತು. ಆ ಹಗುರವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಅಂದ್ರೆ ಐವರಲ್ಲಿ ಯಾರು ಬೇಕಾದ್ರೂ ಇರಬಹುದು," ಸಾಹೇಬರು ನಿಟ್ಟುಸಿರು ಬಿಟ್ಟರು. "ಇವರೂ ಸೇರಿ." ಪೆನ್ಸಿಲ್ ಕೈಗಳನ್ನು ಪುಸ್ತಕದ ಮೇಲಿಂದ ತೆಗೆಯಲಿಲ್ಲ. ಮೀಟಿಂಗು ಮುಗಿದಾಗ ಹನ್ನೊಂದು ಇಪ್ಪತ್ತು. ಇಪ್ಪತ್ತೇ ನಿಮಿಷ. ಅವನು ಎದ್ದು ಕುರ್ಚಿಯನ್ನು ಸರಿಯಾಗಿ ಮೇಜಿನ ಕೆಳಗೆ ತಳ್ಳಿ ಇಟ್ಟ, ಅಚ್ಚುಕಟ್ಟಾಗಿ.

ಟೀ ಮಾಡಿಕೊಳ್ಳುವ ಮೂಲೆಯಲ್ಲಿ ಅವಳೊಬ್ಬಳೇ ಇದ್ದಳು. ಬಟ್ಟಲು ತೊಳೆಯುತ್ತಿದ್ದಳು, ತನ್ನದೇ ಬಟ್ಟಲು, ನೀಲಿ ಅಂಚಿನದು. ಮನೆಗೆ ಒಯ್ಯಲಿಕ್ಕೆ ತೊಳೆಯುತ್ತಿದ್ದಾಳೆ ಎಂಬುದು ಅವನಿಗೆ ಅರ್ಥವಾಯಿತು. ಹೋದ ತಿಂಗಳಷ್ಟೇ ಆಫೀಸಿನ ಹತ್ತಿರ ಅಂತ ಮನೆ ಬದಲಾಯಿಸಿದ್ದಳು. ಹೊಸ ಮನೆಯ ಕಿಟಕಿ ವಿಪರೀತ ಅಗಲ, ಎಷ್ಟು ಪರದೆ ಹಾಕಿದರೂ ಒಂದು ಗೇಣು ಬಯಲಾಗಿಯೇ ಉಳಿಯುತ್ತೆ ಮೇಷ್ಟ್ರೆ, ಎದುರುಮನೆಯವರಿಗೆ ನಮ್ಮನೆ ಸಿನಿಮಾ ಎಂದು ನಗಾಡಿದ್ದಳು. ಅವನು ಹೂಂ ಅಂದಿದ್ದ.

"ನಾನೊಂದು ಮಾತು ಹೇಳಬೇಕಿತ್ತು," ಅಂದ.

"ಹೇಳಿ ಮೇಷ್ಟ್ರೆ."

"ಆ ಸಾಲನ್ನ ಪಟ್ಟಿಯಿಂದ ಅಳಿಸಿದ್ದು ನಾನು." ಹೇಳಿದ. ಹೇಳಿಯೇಬಿಟ್ಟ. ನಲ್ಲಿಯ ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅವಳು ನಲ್ಲಿ ನಿಲ್ಲಿಸಿದಳು.

"ಅದು ನನಗೆ ಗೊತ್ತಿರಲಿಲ್ಲ," ಅಂದಳು. "ಅದೊಂದು ಗೊತ್ತಿರಲಿಲ್ಲ."

"ಅಂದ್ರೆ?"

"ನಾನು ನಿಮ್ಮನ್ನ ಕೇಳಿದ್ನಲ್ಲ ಮೇಷ್ಟ್ರೆ. ಹೋದ ಗುರುವಾರ, ಊಟ ಆದ ಮೇಲೆ. ನಲವತ್ತರ ಸಾಲು ಖಾಲಿ ತೋರಿಸ್ತಿದೆ, ಆಸ್ಪತ್ರೆಯದ್ದಲ್ವಾ ನಿಮಗೆ ಗೊತ್ತಿರುತ್ತೆ, ತಗೊಳ್ಳಲಾ ಅಂತ. ಹೂಂ ತಗೊಳ್ಳಿ ತಗೊಳ್ಳಿ ಅಂದ್ರಿ. ಕಿತ್ತಳೆ ಬಿಡಿಸ್ತಾ ಇದ್ರಿ. ನಂಗೂ ಎರಡು ತೊಳೆ ಕೊಟ್ರಿ."

ಕಿತ್ತಳೆ ನೆನಪಿತ್ತು. ಹುಳಿ ಕಿತ್ತಳೆ, ಹೆಂಡತಿ ಡಬ್ಬಿಯಲ್ಲಿ ಹಾಕಿ ಕೊಟ್ಟದ್ದು. ಎರಡು ತೊಳೆ ಕೈಚಾಚಿ ಕೊಟ್ಟದ್ದೂ ನೆನಪಿತ್ತು, ಬೆರಳಿಗಂಟಿದ ನಾರು ಕೂಡ. ಪ್ರಶ್ನೆ ಮಾತ್ರ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಅವಳ ತುಟಿ ಅಲ್ಲಾಡಿದ್ದು ಕಾಣುತ್ತದೆ, ಮಾತಿಲ್ಲ. ಅವಳು ಕಂಕುಳಲ್ಲಿ ಅವುಚಿಕೊಂಡಿದ್ದ ಪುಸ್ತಕವನ್ನು ತೆಗೆದು, ಪುಟ ತಿರುವಿ, ಮುಂದೆ ಹಿಡಿದಳು. ಸಣ್ಣ ದುಂಡಕ್ಷರ. 'ನಲವತ್ತು: ಮೇಷ್ಟ್ರನ್ನು ಕೇಳಿದೆ. ತಗೊಳ್ಳಿ ಅಂದರು.' ಅವನು ಅದನ್ನು ಓದಿದ. ಓದಿ ಮುಗಿದ ಮೇಲೂ ಓದುತ್ತ ನಿಂತ, ತಲೆಯೆತ್ತಲು ಧೈರ್ಯವಾಗದೆ. ಮೂರು ದಿನದಿಂದ ತನ್ನ ಪಾಪದ ಅಳತೆ ಇಷ್ಟು ಎಂದು ಹಿಡಿದುಕೊಂಡು ಅದಕ್ಕೆ ತಕ್ಕಂತೆ ನರಳುತ್ತಿದ್ದನಲ್ಲ, ಆ ಅಳತೆಯೇ ತಪ್ಪಾಗಿತ್ತು.

"ಇದನ್ನ ಅಲ್ಲಿ ಯಾಕೆ ತೋರಿಸಲಿಲ್ಲ?"

"ಪೆನ್ಸಿಲ್ಲಲ್ಲಿ ಬರೆದದ್ದು. ಆಮೇಲೆ ಬರ್ಕೊಂಡಿದಾಳೆ ಅಂತಾರೆ." ಅವಳು ಪುಸ್ತಕ ಮುಚ್ಚಿದಳು. "ಮತ್ತೆ ನೀವು ಅಲ್ಲೇ ಕೂತಿದ್ರಲ್ಲ. ನೀವೇ ಹೇಳ್ತೀರಿ ಅಂದುಕೊಂಡೆ."

ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಟ್ಟಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು, ಮೂಲೆಗಳನ್ನು ಒಳಗೆ ಮಡಚಿ. ಈಗಲೇ ಹೋಗಿ ಹೇಳ್ತೀನಿ ಅಂದ. ಅವಳು ಇನ್ನೊಂದು ಮೂಲೆ ಮಡಚಿದಳು. ಅವನು ಅಲ್ಲಿಂದ ಹೊರಟವನು ಸಾಹೇಬರ ಬಾಗಿಲವರೆಗೆ ಹೆಚ್ಚುಕಡಿಮೆ ಓಡಿದ. ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಇದ್ದಾರೆ, ಊಟ ಆದ ಮೇಲೆ ಬನ್ನಿ ಅಂದ ಹೊರಗೆ ಕೂತಿದ್ದ ಜವಾನ. ಆ ಎರಡು ಗಂಟೆ ಅವನು ಕಂಪ್ಯೂಟರಿನ ಮುಂದೆ ಕೂತು ಏನು ಮಾಡಿದ ಎಂದು ಕೇಳಿದರೆ ಹೇಳಲಾರ. ಕಾಯ್ದಿರಿಸಿದ ಪಟ್ಟಿ ತೆರೆದು, ಸೋಮವಾರ ಮಧ್ಯಾಹ್ನವೇ ಮತ್ತೆ ಕಾಯ್ದಿರಿಸಿದ್ದ ನಲವತ್ತರ ಸಾಲಿನ ಎದುರು ವಿವರ ಬರೆಯುವ ಜಾಗದಲ್ಲಿ 'ಆಸ್ಪತ್ರೆಯ ಲ್ಯಾಬ್. ಖಾಲಿ ಇರಬೇಕು. ಅಳಿಸಬಾರದು' ಎಂದು ಬರೆದ. ಅಷ್ಟು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ ಎಂಬುದನ್ನು ಕಂಡು ಅಳು ಬಂದಂತಾಗಿ, ಸುತ್ತ ನೋಡಿ, ಕನ್ನಡಕ ಒರೆಸಿಕೊಂಡ.

ಸಾಹೇಬರು ಪೂರ್ತಿ ಕೇಳಿದರು. ಅವನು ಎಲ್ಲ ಹೇಳಿದ. ಬೇಲಿ ಹಾಕಿದ್ದು, ವಿವರ ಬರೆಯದಿದ್ದದ್ದು, ಅಳಿಸಿದ್ದು, ಕಿತ್ತಳೆ, ಹೂಂ ಅಂದದ್ದು. ಬಹುಶಃ ಅನ್ನುವ ಪದ ಒಂದು ಸಲವೂ ಬರಲಿಲ್ಲ. ಹೇಳುತ್ತ ಹೇಳುತ್ತ ದನಿ ನಡುಗಿತು, ನಡುಗಿದ್ದೇ ಒಳ್ಳೆಯದಾಯಿತು, ಇನ್ನಾದರೂ ನಂಬುತ್ತಾರೆ ಅಂದುಕೊಂಡ. ಸಾಹೇಬರು ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಅವನ ಮೊಣಕೈ ಮೇಲೆ ಕೈಯಿಟ್ಟರು.

"ಮೇಷ್ಟ್ರೆ, ನಿಮ್ಮನ್ನ ನಾನು ನಿನ್ನೆ ಮೊನ್ನೆ ನೋಡಿದವನಲ್ಲ."

"ಅಲ್ಲ ಸರ್, ನಿಜವಾಗಲೂ."

"ನಿಮ್ಮ ಕೈಯಲ್ಲಿ ಇಂಥ ತಪ್ಪು ಆಗುತ್ತಾ? ಮೀಟಿಂಗಲ್ಲಿ ನಾನು ನೇರವಾಗಿ ಕೇಳಿದಾಗ ತಂಡದ ಲಾಗಿನ್ ಅಂದ್ರಿ. ಆಮೇಲೆ ಆಯಮ್ಮ ಅಳ್ತಾ ಏನೋ ಹೇಳ್ಕೊಂಡಿರ್ತಾರೆ, ನಿಮ್ಮ ಕರುಳು ಚುರುಕ್ ಅಂದಿರುತ್ತೆ."

"ಅವರು ಅಳಲಿಲ್ಲ ಸರ್. ಬೇಕಾದ್ರೆ ಅವರ ಪುಸ್ತಕ ನೋಡಿ."

"ಪುಸ್ತಕ!" ಸಾಹೇಬರು ಮೆಲ್ಲಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕೇಳಿ. ಆಸ್ಪತ್ರೆಗೆ ವರದಿ ಹನ್ನೆರಡಕ್ಕೇ ಹೋಗಿಬಿಟ್ಟಿದೆ. ಗುತ್ತಿಗೆಯವರ ಅಜಾಗರೂಕತೆ, ಅವರನ್ನ ಮುಂದುವರಿಸ್ತಾ ಇಲ್ಲ ಅಂತ. ಅವರಿಗೆ ಸಮಾಧಾನ ಆಗಿದೆ. ಈಗ ಹೋಗಿ, ಇಲ್ಲ ಸ್ವಾಮಿ, ನಮ್ಮ ಆಫೀಸಿನ ಅತಿ ಹಿರಿಯ ಮನುಷ್ಯನೇ ಮಾಡಿದ್ದು ಅಂದ್ರೆ ಏನಾಗುತ್ತೆ ಯೋಚನೆ ಮಾಡಿ. ನೀವು ಮಾಡಿದ್ದು ಅಂತ ನಾನು ನಂಬಲ್ಲ. ನಂಬೋಕೆ ಆಗಲ್ಲ ನನ್ನ ಕೈಲಿ. ಮನೆಗೆ ಹೋಗಿ ಸ್ವಲ್ಪ ಮಲಗಿ. ಕಣ್ಣು ನೋಡಿ ಹೇಗಾಗಿದೆ."

ಅವನು ಇನ್ನೂ ಏನೇನೋ ಹೇಳಿದ. ಒಂದೇ ಮಾತನ್ನು ನಾಲ್ಕು ಥರ ಹೇಳಿದ. ಹೇಳಿದಷ್ಟೂ ಸಾಹೇಬರ ಮುಖದಲ್ಲಿ ಗೌರವ ಹೆಚ್ಚುತ್ತಿದ್ದುದನ್ನು ಕಂಡು ಕೊನೆಗೆ ಸುಮ್ಮನಾದ. ಹೊರಗೆ ಬಂದಾಗ ದಣಿವು ಎಂದರೆ ಎಂಥ ದಣಿವು. ಇಷ್ಟು ವರ್ಷ ಒಳ್ಳೆಯವನು ಅಂತ ಹೆಸರು ಮಾಡಿದ್ದು ಯಾತಕ್ಕೆ ಬಂತು? ಒಂದೇ ಒಂದು ನಿಜ ಹೇಳಲಿಕ್ಕೂ ಬಾರದ ಹಾಗೆ ಮಾಡಿಟ್ಟಿತು. ಬೆಳಿಗ್ಗೆ ಆ ಇಪ್ಪತ್ತು ನಿಮಿಷದೊಳಗೆ ಹೇಳಿದ್ದಿದ್ದರೆ ನಂಬುತ್ತಿದ್ದರು, ನಂಬಲೇಬೇಕಾಗುತ್ತಿತ್ತು, ವರದಿ ಇನ್ನೂ ಹೋಗಿರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

ಐದು ಗಂಟೆಗೆ ಎಲ್ಲರೂ ಪೆನ್ಸಿಲ್‌ನ ಮೇಜಿನ ಸುತ್ತ ಸೇರಿದರು. ಯಾರು ಕೆಲಸ ಬಿಟ್ಟು ಹೋದರೂ ಹೀಗೆ ಸೇರುವುದು ರೂಢಿ, ಹೋಗುವ ಕಾರಣ ಯಾವುದೇ ಇರಲಿ. ಅವನು ಎಲ್ಲರ ಹಿಂದೆ, ಪ್ರಿಂಟರಿನ ಪಕ್ಕ ನಿಂತಿದ್ದ. ಯಾರೂ ಕರೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಸಾಹೇಬರು ಬಂದರು, ಅವಳ ದುಡಿಮೆಯನ್ನು ಹೊಗಳಿದರು, ಎಲ್ಲಿದ್ದರೂ ಚೆನ್ನಾಗಿರಿ ಅಂದರು. ಅವಳ ಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಬಟ್ಟಲಿನ ತುದಿ ಕಾಣುತ್ತಿತ್ತು.

"ಒಂದು ಮಾತು ಹೇಳದಿದ್ರೆ ನನಗೆ ಸಮಾಧಾನ ಆಗಲ್ಲ," ಎಂದರು ಸಾಹೇಬರು. "ಇದು ನಿಮಗೂ ಗೊತ್ತಿರಲಿ ಅಮ್ಮ. ನಿಮ್ಮ ಕೆಲಸ ಉಳೀಲಿ ಅಂತ ನಮ್ಮ ಮೇಷ್ಟ್ರು ಇವತ್ತು ತಪ್ಪನ್ನೆಲ್ಲ ತಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದಿದ್ರು. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ, ಅದು ಬೇರೆ ವಿಷಯ. ಆದ್ರೆ ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ?"

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಜನ ಪಕ್ಕಕ್ಕೆ ಸರಿದು ದಾರಿ ಮಾಡಿಕೊಟ್ಟರು, ಪ್ರಿಂಟರಿನ ಪಕ್ಕ ನಿಂತಿದ್ದ ಅವನು ಎಲ್ಲರ ಕಣ್ಣಿಗೂ ಬಿದ್ದ. ಆ ಖಾಲಿಯಾದ ದಾರಿಯ ಇನ್ನೊಂದು ತುದಿಯಲ್ಲಿ ಅವಳಿದ್ದಳು. ಈಗ ಹೇಳಲಿ, ಅವನಿಗೆ ಅನ್ನಿಸಿತು, ಎಲ್ಲರ ಎದುರಿಗೆ ಪುಸ್ತಕ ತೆಗೆದು ಓದಲಿ, ಮುಖಕ್ಕೆ ಉಗಿಯಲಿ. ಅವಳು ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಸಾಹೇಬರನ್ನು, ಕಾಯುತ್ತಿದ್ದ ಮುಖಗಳನ್ನು. ನಾಳೆ ಇನ್ನೊಂದು ಆಫೀಸಿನ ಬಾಗಿಲು ತಟ್ಟಬೇಕಾದವಳು, ಈ ಸಾಹೇಬರಿಂದಲೇ ನಾಲ್ಕು ಒಳ್ಳೆಯ ಮಾತು ಬರೆಸಿಕೊಂಡು ಹೋಗಬೇಕಾದವಳು. ಚೀಲವನ್ನು ಹೆಗಲಿಗೇರಿಸಿಕೊಂಡಳು.

"ತುಂಬಾ ಉಪಕಾರ ಆಯ್ತು ಮೇಷ್ಟ್ರೆ," ಅಂದಳು.

ಎಲ್ಲರೂ ನಗುಮುಖದಿಂದ ಅವನನ್ನೇ ನೋಡುತ್ತಿದ್ದರು.

"ಅಯ್ಯೋ, ಅದರಲ್ಲೇನಿದೆ ಬಿಡಿ," ಅಂದುಬಿಟ್ಟ.